ಮೇಕೆ ಕಟ್ಟಿಹಾಕಲು ಹೇಳಿದವಳು

ಆಗ ನನಗೆ ಅರವತ್ತೊಂದು. ಇದು ನಡೆದು ಒಂಬತ್ತು ವರ್ಷವಾಯಿತು. ನಾನು ಓದಿದ್ದು ಎರಡನೇ ಕ್ಲಾಸು, ಒಂದು ಸಾಲು ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ನಾನೇ ಬರೆಯುತ್ತಿದ್ದೇನೆ. ಬೇರೆಯವರ ಕೈಲಿ ಬರೆಸಿದರೆ ನನ್ನ ಪರವಾಗಿ ಬರೆದುಬಿಡುತ್ತಾರೆ.

ನಮ್ಮೂರು ದಂಡಿಗನಹಳ್ಳಿ ಕಡೆ. ನಮ್ಮ ಹೊಲಕ್ಕೂ ಅಂಗನವಾಡಿಗೂ ನಡುವೆ ಒಂದು ಗಾಡಿದಾರಿ, ಅಷ್ಟೆ. ಆ ವರ್ಷ ಆಲೂಗಡ್ಡೆ ಹಾಕಿದ್ದೆವು. ಮೋಡ ಕವಿದುಕೊಂಡು ನಾಲ್ಕು ದಿನ ಬಿಸಿಲೇ ಕಾಣಲಿಲ್ಲ, ಎಲೆ ಮೇಲೆ ಕಪ್ಪು ಚುಕ್ಕೆ ಬಂತು. ಆ ರೋಗ ಹತ್ತಿದರೆ ವಾರದೊಳಗೆ ಹೊಲವೆಲ್ಲ ಸುಟ್ಟಂತಾಗುತ್ತದೆ. ಹುಳವೂ ಇತ್ತು. ರೋಗದ ಔಷಧಿ, ಹುಳದ ಔಷಧಿ ಎರಡನ್ನೂ ಬೆರೆಸಿ ಹೊಡೆಯುವುದು ಎಂದು ನಾನೂ ನಮ್ಮನೆಯವರೂ ಮಾತಾಡಿಕೊಂಡೆವು.

ಅಂಗನವಾಡಿ ಟೀಚರಮ್ಮ ಮೊದಲೇ ಬಂದು ಕೇಳಿದ್ದಳು. "ಅಮ್ಮಾ, ಮಕ್ಳಿರೋ ಹೊತ್ನಲ್ಲಿ ಔಷ್ದಿ ಬ್ಯಾಡ. ನಾಕ್ ಗಂಟೆಗೆ ಬೀಗ ಹಾಕ್ತೀನಿ, ಆಮೇಲೆ ಹೊಡ್ಕಳಿ."

"ಸಂಜೆ ಮಳೆ ಬಂದು ತೊಳ್ಕಂಡ್ ಓದ್ರೆ? ರೋಗ ನಿನ್ ಬೀಗ ನೋಡ್ಕಂಡು ಬತ್ತದಾ?" ಅಂದೆ. ಅವಳು ವಾಪಸು ಹೋದಳು. ಮಾತಿಗೆ ಮಾತು ಕೊಟ್ಟೆ ಅಂತ ನನಗೆ ಖುಷಿಯೇ ಆಯಿತು.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಔಷಧಿ ಹೊಡೆಯುವ ಹಿಂದಿನ ದಿನ ಹೊಲದವರು ದನ, ಮೇಕೆ ಇದ್ದವರ ಮನೆಗೆಲ್ಲ ಹೋಗಿ, ನಾಳೆ ಈ ಕಡೆ ಬಿಡಬೇಡಿ ಅಂತ ಹೇಳಿ ಬರಬೇಕು. ಹೇಳದೆ ಹೊಡೆದು ಯಾರದಾದರೂ ಮೇಕೆ ಸತ್ತರೆ ಅವರು ಮೂರು ತಲೆಮಾರು ಜಗಳ ಬಿಡುವುದಿಲ್ಲ. ನಾನು ಹೋಗಿ ಒಂಬತ್ತು ಮನೆಗೆ ಹೇಳಿದೆ. ಹಿಂದಿನ ಬೀದಿಯ ಮೇಕೆಯವಳಿಗಂತೂ ಎರಡು ಸಲ ಹೇಳಿದೆ. ಅಂಗನವಾಡಿ ಬಾಗಿಲ ಮುಂದೆಯೇ ಹಾದು ಬಂದೆ. ಅಲ್ಲಿ ದನ ಇರಲಿಲ್ಲವಲ್ಲ, ನಿಲ್ಲಲಿಲ್ಲ.

ಮಾರನೆಯ ದಿನ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಶುರು ಮಾಡಿದೆವು. ನಮ್ಮನೆಯವರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹೊಡೆಯುತ್ತಿದ್ದರು, ನಾನು ನೀರು ತುಂಬುತ್ತಿದ್ದೆ. ಅರ್ಧ ಹೊಲ ಮುಗಿದಾಗ ಪಡುವಣದ ಗಾಳಿ ಎದ್ದಿತು. ಮಕ್ಕಳು ಅಂಗನವಾಡಿ ಜಗಲಿ ಮೇಲೆ ತಟ್ಟೆ ಹಿಡಿದು ಸಾಲಾಗಿ ಕೂತಿದ್ದವು.

"ಗಾಳಿ ಅತ್ಲಾಗ್ ತಿರುಗ್ತು ಕಣೆ. ನಿಲ್ಸನಾ?"

"ಇನ್ನೆರಡೇ ಕ್ಯಾನು. ಬೆರ್ಸಿದ್ ಔಷ್ದೀನ ಏನ್ ಮಾಡನ, ಕುಡಿಯನಾ? ಹೊಡ್ದು ಮುಗ್ಸಿ" ಅಂದೆ.

ಅವರು ಕೇಳಿದರು, ಬೇಡ ಅಂದವಳು ನಾನು. ಇದನ್ನು ಎಲ್ಲೂ ಮುಚ್ಚಿಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆರು ಮಕ್ಕಳು ವಾಂತಿ ಮಾಡಿಕೊಂಡವು. ಐದು ಸಂಜೆಗೆ ಚೇತರಿಸಿಕೊಂಡವು. ಮೇಕೆಯವಳ ಮೊಮ್ಮಗಳು, ನಾಲ್ಕು ವರ್ಷದ್ದು, ಬಾಯಲ್ಲಿ ಜೊಲ್ಲು ಸುರಿಸಿಕೊಂಡು ಉಸಿರಿಗೆ ಒದ್ದಾಡಿತು. ಟೀಚರಮ್ಮನೇ ಆಟೋದಲ್ಲಿ ಹಾಸನದ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಮಗುವಿನ ತಾಯಿಯನ್ನು ಅಲ್ಲಿ ಬಿಟ್ಟು ಸಂಜೆ ನಮ್ಮ ಬಾಗಿಲಿಗೆ ಬಂದಳು. ಊರವರು ಆಗಲೇ ಉಪ್ಪಿಟ್ಟು ಹಳಸಿತ್ತು ಅಂತ ಅವಳನ್ನೇ ಬೈಯುತ್ತಿದ್ದರು.

"ಡಾಕ್ಟ್ರು ಔಷ್ದಿ ಡಬ್ಬಿ ತನ್ನಿ ಅಂತಾವ್ರೆ ಅಮ್ಮಾ. ಯಾವ್ದು ಅಂತ ಗೊತ್ತಾದ್ರೆ ಸರಿಯಾಗ್ ನೋಡ್ಬೋದಂತೆ."

ಪೊಲೀಸು, ಕೇಸು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ನಾವು ಹೊಡ್ದಿದ್ದು ಬೇವಿನೆಣ್ಣೆ. ನಿನ್ ಉಪ್ಪಿಟ್ಟು ನೋಡ್ಕೋ ಓಗು" ಅಂದುಬಿಟ್ಟೆ.

ಅವಳು ಅತ್ತ ಹೋದಳು, ಇತ್ತ ನನ್ನ ಮಾತು ಕೇಳಿಸಿಕೊಂಡಿದ್ದ ಮೇಕೆಯವಳು ಬಂದಳು. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಲಿಲ್ಲ.

"ಬೇವಿನೆಣ್ಣೆಗೆ ಮೇಕೆ ಸಾಯ್ತದೇನಕ್ಕಾ?"

ನಾನು ಒಳಕ್ಕೆ ತಿರುಗಿದೆ.

"ಸಾಯಲ್ವಲ್ಲ. ಮತ್ಯಾಕೆ ಎರಡ್ ಸಲ ಬಂದು ಕಟ್ಟಾಕು ಅಂತ ಹೇಳ್ದೆ? ಮೇಕೆ ಕಟ್ಟಾಕ್ದೆ ಕಣಕ್ಕಾ. ಮಗೀನ ಕಟ್ಟಾಕು ಅಂತ ನೀನು ಹೇಳ್ನಿಲ್ವಲ್ಲ."

ಆಗಲೂ ನಾನು ಡಬ್ಬಿ ತೆಗೆದುಕೊಡಲಿಲ್ಲ. ಒಲೆ ಮುಂದೆ ಹೋಗಿ ಕೂತೆ. ಅವಳು ಹೊರಟುಹೋದಳು. ನನ್ನ ಬದುಕಿನಲ್ಲಿ ತಪ್ಪು ಬಹಳ ಮಾಡಿದ್ದೇನೆ, ಗಾಳಿಯಲ್ಲಿ ಹೊಡೆಸಿದ್ದೂ ಅದರಲ್ಲೊಂದು. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಒಂದು ರಾತ್ರಿ ಕಳೆದೆನಲ್ಲ, ಅದಕ್ಕೆ ಗಾಳಿಯನ್ನು ದೂರುವ ಹಾಗಿಲ್ಲ.

ಮಗು ಉಳಿಯಿತು. ಈಗ ಎಂಟನೇ ಕ್ಲಾಸು. ಓಡಿದರೆ ಏದುಸಿರು ಬರುತ್ತದೆ. ಔಷಧಿಯಿಂದ ಅಂತ ಯಾರೂ ಹೇಳಿಲ್ಲ, ಅಲ್ಲ ಅಂತಲೂ ಹೇಳಿಲ್ಲ. ಉಪ್ಪಿಟ್ಟಿನ ಮಾತು ಸುಳ್ಳು ಅಂತ ಊರಿಗೆ ಗೊತ್ತಾದರೂ ಟೀಚರಮ್ಮ ಆ ವರ್ಷವೇ ಅರಕಲಗೂಡು ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು. ಅವಳ ಹತ್ತಿರ ನಾನು ತಪ್ಪಾಯಿತು ಅಂದಿಲ್ಲ. ಈಗ ನಮ್ಮೂರಲ್ಲಿ ಅಂಗನವಾಡಿ, ಶಾಲೆ ಪಕ್ಕದ ಹೊಲದವರು ಬಾಗಿಲು ಹಾಕಿದ ಮೇಲೆಯೇ ಹೊಡೆಯಬೇಕು, ಮೊದಲು ಟೀಚರಿಗೆ ಹೇಳಬೇಕು ಅಂತ ಪಂಚಾಯಿತಿಯವರು ಕಟ್ಟಳೆ ಮಾಡಿದ್ದಾರೆ. ಗ್ರಾಮಸಭೆಯಲ್ಲಿ ಮೊದಲು ಕೈ ಎತ್ತಿದವಳು ನಾನು ಅಂತ ಕೆಲವರು ಹೊಗಳುತ್ತಾರೆ. ಆರು ಮಕ್ಕಳು ವಾಂತಿ ಮಾಡಿದ ಮೇಲೆ ಎತ್ತಿದ ಕೈ ಅದು.

ಆ ಸಂಜೆ ಕಳೆದು ಬೆಳಗಾದ ಕೂಡಲೇ, ಹಾಲು ಕರೆಯದೆ, ನಮ್ಮನೆಯವರಿಗೂ ಹೇಳದೆ, ಎರಡು ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದೆ. ಹಾಸನದಲ್ಲಿ ಇಳಿದು ಕೇಳಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟು, "ಇವೆಲ್ಡೂ ಬೆರ್ಸಿ ಹೊಡ್ದಿದ್ದು ಸಾ. ನಾನೇ ಹೊಡ್ಸಿದ್ದು" ಅಂದೆ.