ಸೋಮವಾರದ ಪಾಳಿ

ನನಗೆ ಮೊಮ್ಮಗಳು ಹುಟ್ಟಿದಳು! ಸೋಮವಾರ ಮಧ್ಯಾಹ್ನ, ಕುಕ್ಕುವಾಡದ ನಮ್ಮ ಮನೆಯ ಒಳಕೋಣೆಯಲ್ಲಿ ಕೂಸು ಅತ್ತಿದ್ದು ಕೇಳಿ, ಅಂಗಳದಲ್ಲಿದ್ದ ನಾನು ತಲೆಯ ರುಮಾಲು ಬಿಚ್ಚಿ ಗಾಳಿಗೆ ಬೀಸಿದೆ. ಹೋಗಿ ಬರುವವರಿಗೆಲ್ಲ ಬೆಲ್ಲ ಹಂಚಿದೆ. ಕೊಟ್ಟಿಗೆಯ ಎತ್ತುಗಳ ಬಾಯಿಗೂ ಒಂದೊಂದು ಅಚ್ಚು ಇಟ್ಟೆ.

ಆಮೇಲೆ ಪಡಸಾಲೆಯ ಮೂಲೆಗೆ ಕಣ್ಣು ಹೋಯಿತು. ಅಲ್ಲಿ ಸೂಲಗಿತ್ತಿ ಅಕ್ಕನ ಸಲಿಕೆ ಒರಗಿತ್ತು. ಕೈಯಲ್ಲಿದ್ದ ಬೆಲ್ಲದ ತಟ್ಟೆ ಕೆಳಗಿಟ್ಟೆ.

ಆಕೆ ಒಂಟಿ ಹೆಂಗಸು. ನನ್ನ ಗದ್ದೆಯ ಕೆಳಗೆ ಆಕೆಯದೊಂದು ತುಂಡು ಗದ್ದೆ. ಭದ್ರಾ ಡ್ಯಾಮಿನ ನೀರು ನಮ್ಮ ಕಾಲುವೆಗೆ ಬಂದ ಹೊಸತು. ಒಬ್ಬೊಬ್ಬರಿಗೆ ವಾರದಲ್ಲಿ ಒಂದು ದಿನದ ಪಾಳಿ. ಆಕೆಯದು ಸೋಮವಾರ. ಅವತ್ತು ಬೆಳಿಗ್ಗೆ ನೀರು ಕಟ್ಟಲು ಹೊರಟವಳು, ನನ್ನ ಮಗಳಿಗೆ ನೋವು ಬಂತೆಂದು ಕೇಳಿ ಸಲಿಕೆ ಹಿಡಿದೇ ನಮ್ಮ ಮನೆಗೆ ಬಂದಿದ್ದಳು.

ಹಿಂದಿನ ವರ್ಷ ಇಂಥದೇ ಸೋಮವಾರ ಆಕೆ ಬೇರೆ ಯಾರದೋ ಹೆರಿಗೆಗೆ ಹೋಗಿದ್ದಳು. ನಾನು ಕಾಲುವೆಯ ನೀರು ಬಿಡುವ ನೀರುಗಂಟಿಗೆ, "ಸೋಮಾರ ಆಕಿ ಹೊಲ ಮುಟ್ಟಂಗಿಲ್ಲ, ನೀರು ನನ್ ಕಡೆ ಬಿಡಪ್ಪ" ಎಂದೆ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಯಾರೂ ಎತ್ತು ಹೂಡುವುದಿಲ್ಲ, ನಿಜ. ಆದರೆ ನೀರು ಹಾಯಿಸಲು ಎತ್ತು ಯಾಕೆ ಬೇಕು? ಅದು ನನಗೆ ಗೊತ್ತಿತ್ತು. ಸಂಜೆ ಬಂದು ಕೇಳಿದವಳಿಗೆ, "ಮೇಲಿಂದಾನೇ ನೀರು ಕಮ್ಮಿ ಅಕ್ಕಾ" ಎಂದುಬಿಟ್ಟೆ. ಮುಂದಿನ ಪಾಳಿ ಬರುವಷ್ಟರಲ್ಲಿ ಆಕೆಯ ಭತ್ತದ ಸಸಿ ಒಣಗಿದ್ದವು. ಆ ಬೆಳೆಗೆ ಆಕೆ ಕಂಡವರ ಗದ್ದೆಗೆ ನಾಟಿ ಕೂಲಿಗೆ ಹೋದಳು. ನನ್ನ ಗದ್ದೆಗೂ ಬಂದಳು.

ಈಗ ಆ ಸಲಿಕೆ ಎತ್ತಿಕೊಂಡು ಕಾಲುವೆಗೆ ಓಡಿದೆ. ಆಕೆಯ ಸಸಿಮಡಿ ತುಂಬುವವರೆಗೂ ಬದುವಿನ ಮೇಲೆ ನಿಂತಿದ್ದು, ಹೊತ್ತು ಇಳಿದ ಮೇಲೆ ಮನೆಗೆ ಬಂದೆ.

"ನನ್ ಸಲಿಕಿ ಕದ್ಕೊಂಡು ಎಲ್ಲಿ ಹೋಗಿದ್ಯೋ ತಮ್ಮಾ?" ಎಂದಳು ಅಕ್ಕ.

"ನಿನ್ ಗದ್ದಿಗೆ ನೀರು ಕಟ್ಟಾಕೆ. ಹೋದ ವರ್ಷ ನಿನ್ ನೀರು ತಿರುವಿಕೊಂಡೋನು ನಾನೇ ಅಕ್ಕಾ."

"ಗೊತ್ತೈತೆ. ಆವತ್ತು ನಿನ್ ಗದ್ದ್ಯಾಗ ಕಪ್ಪೆ ಒದರ್ತಿದ್ವು, ನನ್ ಮಡ್ಯಾಗ ಮಣ್ಣು ಬಿರಿದಿತ್ತು."

"ಗೊತ್ತಿದ್ದೂ ಬೆಳಿಗ್ಗೆ ಯಾಕ ಬಂದೆ?"

"ಕೂಸು ಅಜ್ಜನ ಗುಣ ಕೇಳ್ಕೊಂಡು ಹುಟ್ತೈತೇನೋ? ಹೋಗು, ಕಾಲು ತೊಳ್ಕೋ. ಎಲ್ರೂ ಹಸ್ದಾರೆ."

ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಹೆಂಡತಿ ಅನ್ನ ಬಡಿಸಿದಳು. ಹೋದ ವರ್ಷದ ಅದೇ ಅಕ್ಕಿ. ಅಕ್ಕನ ತಟ್ಟೆಗೆ ತುಪ್ಪ ನಾನೇ ಹಾಕಿದೆ. "ಇನ್ನೊಂದೀಟು ಬರ್ಲಿ, ನನ್ ನೀರಿನ ಅನ್ನ" ಎಂದು ತಟ್ಟೆ ಮುಂದೆ ಮಾಡಿದಳು. ಮನೆಯವರೆಲ್ಲ ನಗುತ್ತಾ ಉಂಡರು. ನಾನು ತಲೆ ಎತ್ತದೆ ಉಂಡೆ.