ಇಬುಸುಕಿಯ ಕಪ್ಪು ಮರಳು

ಹೋದ ವಾರ ನೆಲಮಾಳಿಗೆಯ ಸಾಮಾನು ಕೋಣೆ ಖಾಲಿ ಮಾಡುವಾಗ ತೆಳ್ಳನೆಯ ಬಿಳಿ ಟವೆಲ್ ಒಂದು ಸಿಕ್ಕಿತು. ಮೇಲೆ ತಂದು ಕೊಡವಿದರೆ ಅಂಚಿನ ಮಡಿಕೆಯಿಂದ ಕಪ್ಪು ಮರಳು ಊಟದ ಮೇಜಿನ ಮೇಲೆ ಉದುರಿತು. ಇದೇನು ಕೊಳೆ ಎಂದು ಮಗಳು ಸ್ವೀಡಿಷ್‌ನಲ್ಲಿ ಕೇಳಿದಳು. ಒರೆಸಹೋದವಳ ಕೈ ಹಿಡಿದೆ... ಇಷ್ಟು ವರ್ಷದ ಮೇಲೂ ಉಳಿದಿತ್ತು ಆ ಮರಳು.

ಎರಡು ಸಾವಿರದ ಇಸವಿಯ ಆಸುಪಾಸಿನ ವರ್ಷಗಳವು. ನಾನು ಕೆಲಸಕ್ಕೆಂದು ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದ ಹೊಸತು. ಕೆಳಗಿನ ಮನೆಯಲ್ಲಿ ಜಪಾನಿನ ಅಜ್ಜಿಯೊಬ್ಬಳಿದ್ದಳು. ಸ್ವೀಡನ್ನಿನ ನಾವಿಕನನ್ನು ಮದುವೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ, ಮಗ ದೂರದ ಉಮೆಯೊದಲ್ಲಿದ್ದ. ನನ್ನ ಹರಕುಮುರುಕು ಸ್ವೀಡಿಷ್ ಪೂರ್ತಿ ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೇ. ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ, ಅದೇ ತನ್ನ ಹೆಸರೆಂಬಂತೆ ಓಗೊಡುತ್ತಿದ್ದಳು.

ಅವಳ ಊರು ಇಬುಸುಕಿ. ಅಲ್ಲಿ ಕಡಲ ದಂಡೆಯ ಅಡಿಯಲ್ಲೇ ಬಿಸಿನೀರಿನ ಬುಗ್ಗೆ. ಕಾದ ಮರಳಿನಲ್ಲಿ ಜನ ಕುತ್ತಿಗೆಯವರೆಗೆ ಹೂತುಕೊಂಡು ಬೆವರುತ್ತಾರಂತೆ. ಕಣ್ಣು ಮುಚ್ಚುವ ಮೊದಲು ಒಮ್ಮೆ ಆ ಮರಳಿನಲ್ಲಿ ಮಲಗಬೇಕೆಂಬುದು ಅವಳ ಆಸೆ. ಹೃದಯವೋ, ಆಗಲೇ ಒಮ್ಮೆ ಕೈಕೊಟ್ಟಿತ್ತು. ಆಫೀಸಿನವರು ನನ್ನನ್ನು ಜಪಾನಿಗೆ ಟ್ರೇನಿಂಗಿಗೆ ಕಳಿಸುತ್ತಾರೆಂದು ಗೊತ್ತಾಗಿದ್ದೇ ತಡ, ತಾನೂ ಟಿಕೆಟ್ ಮಾಡಿಸಿಬಿಟ್ಟಳು. ಸ್ವಲ್ಪ ಹೊತ್ತಾದರೆ ಮಲಗಲಿ, ನಾಲಿಗೆಯಡಿ ಇಡುವ ಮಾತ್ರೆ ಮಾತ್ರ ಕೈಗೆಟುಕುವಂತಿರಲಿ ಎಂದರು ಡಾಕ್ಟರು. ಮಗ ಫೋನು ಮಾಡಿ ಆ ಮಾತ್ರೆಯ ಹೊಣೆಯನ್ನು ನನಗೆ ಒಪ್ಪಿಸಿದ.

ಕಾಲಿಂಗ್ ಕಾರ್ಡ್ ಕೊಂಡು ಬೈಲಹೊಂಗಲದ ಅವ್ವನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವ್ವ ಕೂಡಲೇ ತಡೆದಳು.

"ಜೀವ ಇದ್ದವರ ಮ್ಯಾಲ ಮಣ್ಣ ಹಾಕ್ತಾರೇನವಾ? ನೀ ಮಾತ್ರ ಕೈ ಹಚ್ಚಬ್ಯಾಡ."

ನಾವು ಸತ್ತವರನ್ನು ಹೂಳುವ ಮಂದಿ. ಅಪ್ಪನನ್ನು ಮಣ್ಣು ಮಾಡಿದ ದಿನ ನಾನೂ ಒಂದು ಹಿಡಿ ಮಣ್ಣು ಕೊಟ್ಟವಳು. ವಿಮಾನದಲ್ಲಿ ಕೂತಷ್ಟು ಹೊತ್ತೂ ಅದೇ ಕಣ್ಣ ಮುಂದೆ. ಪಕ್ಕದಲ್ಲಿ ಅಜ್ಜಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದಳು.

ಇಬುಸುಕಿಯಲ್ಲಿ ಹತ್ತಿಯ ನಿಲುವಂಗಿ ತೊಡಿಸಿ, ತಲೆಗೆ ತೆಳ್ಳನೆಯ ಬಿಳಿ ಟವೆಲ್ ಸುತ್ತಿ, ನಮ್ಮಿಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಮಾತ್ರೆಯ ಡಬ್ಬಿ ನನ್ನ ಮುಷ್ಟಿಯಲ್ಲಿತ್ತು. ಅಲ್ಲಿನ ಕೆಲಸದಾಕೆ ಸಲಿಕೆಯಿಂದ ಸರಸರನೆ ಮರಳು ಎಳೆದಳು. ಅಯ್ಯೋ ದೇವರೇ, ಮುಷ್ಟಿ ಡಬ್ಬಿ ಎರಡೂ ಹೂತುಹೋದ ಮೇಲೆ ನನಗೆ ಬುದ್ಧಿ ಬಂತು. ಬೆರಳು ಆಡಿಸಲೂ ಆಗದಷ್ಟು ಭಾರ. ಕಾಲ ಹೆಬ್ಬೆರಳಿನಲ್ಲೂ ನಾಡಿ ಬಡಿಯುತ್ತಿತ್ತು. ಪಕ್ಕಕ್ಕೆ ನೋಡಿದರೆ ಅಜ್ಜಿಯ ಮುಖ ಮಾತ್ರ ಕಾಣುತ್ತದೆ. ಕಣ್ಣು ಮುಚ್ಚಿದೆ, ಬಾಯಿ ಅರೆ ತೆರೆದಿದೆ. ಅಜ್ಜೀ ಎಂದೆ. ಓಗೊಡಲಿಲ್ಲ. ಮತ್ತೆ ಕರೆದೆ... ಇಲ್ಲ. ಎಲ್ಲಿಂದ ಬಂತೋ ಬಲ, ಮರಳನ್ನು ಒದ್ದು ಎದ್ದವಳೇ ಅವಳ ಎದೆಯ ಮೇಲಿನದನ್ನು ಗೋರತೊಡಗಿದೆ.

ಅಜ್ಜಿ ಒಂದು ಕಣ್ಣು ತೆರೆದಳು.

"ಸಮುದ್ರ ಕೇಳಿಸ್ಕೊಳ್ತಾ ಇದ್ದೆ. ತೆಗೆದಿದ್ದನ್ನ ವಾಪಸ್ ಹಾಕು. ನೀನೇ ಹಾಕು, ಸಾಯಲ್ಲ ನಾನು."

ನನಗೆ ಕೈ ಬರಲಿಲ್ಲ. ನಮ್ಮಲ್ಲಿ ಮಣ್ಣು ಕೊಡುವುದು ಒಂದೇ ಸಲ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ? ಒಲ್ಲೆನೆಂದು ತಲೆಯಾಡಿಸಿದೆ. ಕೆಲಸದಾಕೆಯೇ ನಗುತ್ತಾ ಮುಚ್ಚಿದಳು. ನಾನು ಡಬ್ಬಿ ಹಿಡಿದು, ಅಜ್ಜಿಯ ಮೂಗಿನ ಮೇಲಿನ ಬೆವರು ನೋಡುತ್ತಾ ಕೂತೆ. ಎದ್ದು ಬಂದಾಗ ಅವಳ ಮುಖ ಕೆಂಪಗೆ, ಹುಡುಗಿಯ ಹಾಗಿತ್ತು. ದಾರಿಯುದ್ದಕ್ಕೂ ನನ್ನನ್ನು ಅಂಜುಬುರುಕಿ ಎಂದು ಕಾಡಿಸಿದಳು.

ಮುಂದೆ ಅವಳು ತೀರಿಕೊಂಡಾಗ ನಾನು ಬಾಣಂತನಕ್ಕೆ ಊರಿಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅವಳ ಬೂದಿಯನ್ನು ಸ್ಮಶಾನದ ಹುಲ್ಲುಹಾಸಿನಡಿ ಸೇರಿಸಿ ಆಗಿತ್ತು. ಅವಳೇ ಹಾಗೆ ಕೇಳಿಕೊಂಡಿದ್ದಳಂತೆ. ಕಲ್ಲಿಲ್ಲ, ಹೆಸರಿಲ್ಲ, ಯಾವ ಜಾಗವೆಂದು ಮಗನಿಗೂ ಹೇಳುವುದಿಲ್ಲ. ಅದೂ ಇಲ್ಲಿನ ಒಂದು ಪದ್ಧತಿ.

ಮೇಜಿನ ಮೇಲಿನ ಮರಳನ್ನು ಅಂಗೈಗೆ ಗುಡಿಸಿಕೊಂಡೆ. ಒಂದು ಚಿಟಿಕೆಯಾದೀತು, ಅಷ್ಟೆ. ಈಗ ಕೈ ಬರುತ್ತದೆ ಅಜ್ಜೀ... ಎಲ್ಲಿ ಹಾಕಲಿ ಹೇಳು.