ದೀಪ ಹಚ್ಚುವ ಹೊತ್ತಿನ ಶುಕ್ರ

ಅಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು. ಪುಣೆಯ ಶಾಲೆಯೊಂದರಲ್ಲಿ ಗಣಿತದ ಮಾಸ್ತರು ಅವರು. ತಾವೇ ಬೋರ್ಡಿನ ಮೇಲೆ ಬರೆದ ಲೆಕ್ಕ ತಮಗೇ ಮಸುಕು. ಆದರೂ ಒಂದೇ ಹಟ, ಹಿತ್ತಲಿನ ದುರ್ಬೀನಿನಿಂದ ಶುಕ್ರನ ಫೋಟೋ ತೆಗೆಯಬೇಕು. ಶುಕ್ರ ದಿನದಿನಕ್ಕೆ ತೆಳ್ಳಗಾಗುತ್ತ ಸೂರ್ಯನತ್ತ ಇಳಿಯುತ್ತಿದ್ದ. ವಾರದೊಳಗೆ ಮರೆಯಾದರೆ ಮತ್ತೆ ಸಂಜೆಯಲ್ಲಿ ಹೀಗೆ ಸಿಗಲು ಒಂದೂವರೆ ವರ್ಷ. ಅಷ್ಟರಲ್ಲಿ ಅಪ್ಪನಿಗೆ ಏನು ಕಾಣುತ್ತದೋ ಯಾರು ಬಲ್ಲರು? ಯುದ್ಧದ ದಿನಗಳು, ಪುಣೆಯ ದಂಡಿನ ಪೇಟೆಯಾದ ಕ್ಯಾಂಪಿನ ಅಂಗಡಿಗಳಲ್ಲಿ ಫೋಟೋ ತೆಗೆಯುವ ಗಾಜಿನ ಪ್ಲೇಟು ಸಿಗುತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಎರಡೇ.

ದುರ್ಬೀನಿನ ಬಾಯಿಗೆ ಕಪ್ಪು ರಟ್ಟು ಹಿಡಿದು ನಿಲ್ಲುವವಳು ನಾನು. ಅಪ್ಪ "ಹರಿ" ಎಂದಾಗ ರಟ್ಟು ತೆಗೆದು, ಮತ್ತೆ "ಹರಿ" ಎಂದಾಗ ಮುಚ್ಚಬೇಕು; ಅಷ್ಟೇ ಹೊತ್ತು ಬೆಳಕು ಪ್ಲೇಟಿಗೆ ತಾಗಬೇಕು. ಅಜ್ಜಿ, ಅಪ್ಪನ ತಾಯಿ, ನಗುತ್ತಿದ್ದಳು: "ದೇವರನ್ನೂ ಗಡಿಯಾರ ಮಾಡ್ಯಾನ ನೋಡು!"

ಫೋಟೋ ತೆಗೆದ ಮೊದಲ ಪ್ಲೇಟನ್ನು ಬಚ್ಚಲುಮನೆಗೆ ಒಯ್ದು, ಬಾಗಿಲಿಗೆ ಕಂಬಳಿ ಕಟ್ಟಿ, ಚಿತ್ರ ಮೂಡಿಸುವ ಮದ್ದಿನ ನೀರಿನಲ್ಲಿ ಅದ್ದಿದೆ. ಅಷ್ಟರಲ್ಲಿ ಕಂಬಳಿ ಸರಿಯಿತು. ಕೈಯಲ್ಲಿ ದೀಪ ಹಿಡಿದು ಅಜ್ಜಿ!

"ಲಕ್ಷ್ಮಿ ಬರೂ ಹೊತ್ತಿನ್ಯಾಗ ಕತ್ತಲಿ ಮಾಡ್ಕೊಂಡು ಕುಂತೀಯಲ್ಲ!"

ಸಂಜೆ ಮನೆಯ ಒಂದೊಂದು ಕೋಣೆಗೂ ದೀಪ ತೋರಿಸುವುದು ಅವಳು ಒಮ್ಮೆಯೂ ತಪ್ಪಿಸದ ಕೆಲಸ. ಬೆಳಕು ಬಿದ್ದ ಪ್ಲೇಟು ನನ್ನ ಕಣ್ಣೆದುರೇ ಮಸಿಯಾಯಿತು. ಮೊದಲೇ ನನ್ನ ಕೋಪ ಮೂಗಿನ ತುದಿಯಲ್ಲಿ. "ಬೆಂಕಿ ಬೀಳಲಿ ನಿನ್ನ ದೀಪಕ್ಕ!" ಎಂದು ಕೂಗಿಬಿಟ್ಟೆ. ಅಪ್ಪ ನನ್ನನ್ನು ಬೈಯಲಿಲ್ಲ, ಅವಳನ್ನೂ ಬೈಯಲಿಲ್ಲ. ಕರಿಯಾದ ಪ್ಲೇಟು ಹಿಡಿದು ಹಿತ್ತಲಿನ ಕಲ್ಲಿನ ಮೇಲೆ ಕೂತರು. ಅವರನ್ನು ಹಾಗೆ ನೋಡಿ ಅಜ್ಜಿಯ ಮುಖ ಇಳಿದುಹೋಯಿತು.

ಮರುದಿನ ಸೂರ್ಯ ಮುಳುಗುತ್ತಲೇ ಅವಳೇ ಹಿತ್ತಲಿಗೆ ಬಂದಳು. "ಅದೇನದ, ನನಗೂ ತೋರಸು."

ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ.

"ಅಯ್ಯ ನನ್ನಪ್ಪನ! ಇದು ಚುಕ್ಕಿ ಅಲ್ಲೋ, ಬಿದಿಗಿ ಚಂದ್ರಮ! ಇಷ್ಟು ವರ್ಷ ದಿನಾ ಕಂಡೀದಿ, ಒಮ್ಮೆರೆ ಹೇಳಬಾರದಾ?" ಎಂದು ಶುಕ್ರನನ್ನೇ ಗದರಿದಳು.

ಅಪ್ಪ ನಕ್ಕರು. "ನನಗ ಬರೇ ಬಿಳೇ ಮಬ್ಬು ಕಾಣತದ, ಅವ್ವಾ." ಅಜ್ಜಿ ಅವರ ಮುಖವನ್ನೇ ನೋಡಿದಳು.

ಎರಡನೆಯ ಪ್ಲೇಟಿಗೆ "ಹರಿ" ಎಂದದ್ದು ಅಜ್ಜಿಯೇ. ಆಮೇಲೆ ಬಚ್ಚಲುಮನೆಯ ಬಾಗಿಲಿಗೆ ಅಡ್ಡ ಕೂತಳು. ಮನೆಯಲ್ಲೆಲ್ಲೂ ಅವಳು ದೀಪ ಹಚ್ಚಿರಲಿಲ್ಲ. ಒಳಗೆ ಪ್ಲೇಟನ್ನು ಕೆಡಿಸದ ಕೆಂಪು ಗಾಜಿನ ಲಾಟೀನಿನ ಮಂದ ಬೆಳಕಿನಲ್ಲಿ, ಬೆಳಕು ತಾಗಿದಲ್ಲಿ ಕಪ್ಪಾಗುವ ಬಿಳಿ ಪ್ಲೇಟಿನ ನಡುವೆ ಅಕ್ಕಿಕಾಳಿನಷ್ಟು ಕರಿಯ ಬಾಗುಗೆರೆಯೊಂದು ತಾನಾಗಿಯೇ ಎದ್ದುಬಂತು. ಕೋಟಿಗಟ್ಟಲೆ ಮೈಲಿ ದಾಟಿ ಬಂದ ಬೆಳಕು ನಮ್ಮ ಬಚ್ಚಲಿಗೆ ಇಳಿದಿತ್ತು!

ಪ್ಲೇಟು ತೊಳೆದು ತಂದಾಗ ಅಜ್ಜಿ ಎದ್ದು ದೀಪ ಹಚ್ಚಿದಳು. ಅವಳು ಹಚ್ಚಿದ ಆ ಸಂಜೆಯ ಮೊದಲ ದೀಪ ದೇವರ ಮುಂದೆ ಹೋಗಲಿಲ್ಲ. ಪ್ಲೇಟಿನ ಹಿಂದೆ ಬಂತು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು, ಮೂಗಿನ ಹತ್ತಿರ ತಂದು ನೋಡಿದರು. "ಕಾಣವಲ್ದು" ಎಂದರು.

ಅಜ್ಜಿ ದೀಪವನ್ನು ನನ್ನ ಕೈಗೆ ಕೊಟ್ಟು ಅವರ ಬೆರಳು ಹಿಡಿದಳು. "ಚಿತ್ರದ ಮೈ ಇನ್ನೂ ಹಸಿ ಅದ, ಬರೇ ಗಾಜಿನ ಕಡೆಯಿಂದ, ಅಜ್ಜಿ!" ಎಂದು ನಾನು ಚೀರಿದೆ. ಅವಳು ಪ್ಲೇಟು ತಿರುಗಿಸಿ, ಆ ಗೆರೆ ಇದ್ದಲ್ಲಿ ಅಪ್ಪನ ಬೆರಳಿನಿಂದ ಮೆಲ್ಲಗೆ ಬಾಗಿಸಿ ಎಳೆದಳು. "ಹಿಂಗ ಬಾಗ್ಯಾನ ನೋಡು."

ಅಪ್ಪ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. ದುರ್ಬೀನು ತಲೆಕೆಳಗು ಮಾಡುತ್ತದೆ, ಪ್ಲೇಟು ತಿರುಗಿದೆ, ಗೆರೆಯ ಉಬ್ಬು ಯಾವಾಗಲೂ ಸೂರ್ಯನ ಕಡೆಗೇ. ಆಮೇಲೆ ಅವರ ಕಣ್ಣು ತುಂಬಿದವು.

"ಹೌದು ಅವ್ವಾ, ಬರೋಬ್ಬರಿ ಅದ. ಸೂರ್ಯ ಆ ಕಡೇನ ಇದ್ದ."